ಸಾಮಾನ್ಯ ಶಬ್ದ ಸಂಕೇತಗಳು ಹಾಗೂ ನನ್ನ ಭಾವನ ಲಾರಿ

ಓದುಗರಲ್ಲಿ ಈ ಮೂಲಕ ನಿವೇದಿಸಿಕೊಳ್ಳುವುದೇನೆಂದರೆ, ನಾನು ಶಿರಸಿ ತಾಲೂಕಿನ ಹುಲೇಕಲ್ ರಸ್ತೆಯ ಒಂದು ಊರಿನಲ್ಲಿ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾಗಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದು, ಇದುವರೆಗೆ ಅರ್ಜಿ, ಠರಾವು ಮತ್ತು ಮನವಿಗಳ ಹೊರತು ಬೇರೇನನ್ನೂ ಬರೆದವನಲ್ಲ. ಸ್ವಂತ ನೆನಪುಗಳನ್ನು ಯಾವ ನಮೂನೆಯಲ್ಲಿ ಬರೆಯಬೇಕೆಂಬುದು ನನಗೆ ತಿಳಿಯದ ಕಾರಣ, ತಿಳಿದಿರುವ ನಮೂನೆಯಲ್ಲಿಯೇ ಆರಂಭಿಸಿದ್ದೇನೆ. ತಪ್ಪಿದ್ದಲ್ಲಿ ಮನ್ನಿಸಬೇಕು.

ವಿಷಯವು ನನ್ನ ಅಕ್ಕನ ಗಂಡನ ಕಿವಿಗಳಿಗೆ ಹಾಗೂ ಅವರ ಲಾರಿ ಚಾಲನಾ ಪರವಾನಗಿಗೆ ಸಂಬಂಧಿಸಿದೆ.

ಭಾವನಿಗೆ ಈಗ ಐವತ್ತನಾಲ್ಕು ವರ್ಷ. ಸ್ವಂತದ್ದೊಂದು ಲಾರಿ ಇದ್ದು, ಭತ್ತದ ಕೊಯ್ಲು ಮುಗಿದಾಗಿನಿಂದ ಮಳೆಗಾಲ ಹಿಡಿಯುವವರೆಗೆ ಹಾನಗಲ್ ಕಡೆಯಿಂದ ಹುಲ್ಲು ಹೇರಿ ತಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ದನ ಸಾಕುವವರಿಗೆ ಮುಟ್ಟಿಸುತ್ತಾರೆ. ಅವರ ಬಲಗಿವಿ ಚಿಕ್ಕಂದಿನಲ್ಲಿಯೇ ಸೋರಿ ಸೋರಿ ನಿರುಪಯುಕ್ತವಾಗಿತ್ತು. ಎಡಗಿವಿಯೂ ನಾಲ್ಕೈದು ವರ್ಷಗಳಿಂದ ಮಂದವಾಗುತ್ತ ಬಂದಿದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲವನ್ನೂ ಗ್ರಹಿಸುತ್ತಾರೆ. ಬೆನ್ನ ಹಿಂದಿನಿಂದ ಕರೆದವರು ಮಾತ್ರ ಕರೆಯುತ್ತಲೇ ಇರಬೇಕಾಗುತ್ತದೆ.

ಸರಕು ವಾಹನದ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಹಿಂದಿನ ಸಲ ಎಡಗಿವಿ ಚೆನ್ನಾಗಿದ್ದುದರಿಂದ ಯಾವ ತೊಡಕೂ ಬಂದಿರಲಿಲ್ಲ. ಈ ಸಲ ಭಾವ ಅಕ್ಕನ ಮನೆಯ ಜಗಲಿಯ ಮೇಲೆ ಸದರಿ ನಮೂನೆಯನ್ನು ನನ್ನ ಮುಂದಿಟ್ಟು, "ಸೆಕ್ರೆಟ್ರಿ, ಇದೊಂದು ತುಂಬಿಕೊಡು ಮಾರಾಯಾ. ಲೈಸೆನ್ಸ್ ಹೋದ್ರೆ ನಾ ಮನೇಲಿ ಕೂತು ನಿನ್ನ ಅಕ್ಕನ ಜೊತಿಗೆ ಧಾರಾವಾಹಿ ನೋಡ್ಬೇಕಾಗ್ತದೆ" ಅಂದರು.

"ನೋಡೂದೇ ಸೈ, ಕೇಳೂದಂತೂ ಇಲ್ಲ" ಎಂದು ಅಕ್ಕ ಅವರ ಬೆನ್ನಿಗೆ ಹೇಳಿದಳು. ಭಾವನಿಗೆ ಅದು ಕೇಳಿಸಲಿಲ್ಲ. ನನ್ನ ಮುಖ ನೋಡಿ, "ಎಂತ ಹೇಳ್ದಳು?" ಅಂದರು. "ಚಾ ತರ್ತಾಳಂತೆ" ಅಂದೆ. ಹೀಗಾಗಿ ಅಕ್ಕ ಚಹಾ ಮಾಡಬೇಕಾಯಿತು.

ತಮಾಷೆ ಮಾಡಿದರೂ ಭಾವನ ಬಲಗೈ ಆ ಕಾಗದದ ಅಂಚನ್ನು ಬಿಟ್ಟಿರಲಿಲ್ಲ. ಮೂವತ್ತು ವರ್ಷ ಲಾರಿಯ ಹೊರತು ಬೇರೆ ಕೆಲಸ ಮಾಡದ ಮನುಷ್ಯ. ಆ ಕಾಗದದಲ್ಲಿ ವೈದ್ಯರು ಉತ್ತರಿಸಬೇಕಾದ ಒಂದು ಪ್ರಶ್ನೆಯಿತ್ತು. ಸಾಮಾನ್ಯ ಶಬ್ದ ಸಂಕೇತಗಳನ್ನು ಕೇಳಲಾಗದಷ್ಟು ಕಿವುಡುತನ ಅರ್ಜಿದಾರರಿಗೆ ಇದೆಯೇ ಎಂಬುದು ಅದರ ತಾತ್ಪರ್ಯ.

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಸಾಮಾನ್ಯ ಶಬ್ದ ಸಂಕೇತ ಎಂದರೆ ಯಾವುದು? ಹಾರ್ನ್ ಎನ್ನೋಣ. ಬಸ್ಸಿನದೋ, ಬೈಕಿನದೋ? ಪೊಲೀಸರ ಸೀಟಿ ಸೇರುತ್ತದೆಯೇ? ರೈಲ್ವೆ ಗೇಟಿನ ಗಂಟೆ ಎನ್ನೋಣವೆಂದರೆ ನಮ್ಮ ಮೂರೂ ತಾಲೂಕುಗಳಲ್ಲಿ ರೈಲೇ ಇಲ್ಲ. ರಸ್ತೆಗೆ ಬಂದ ಎಮ್ಮೆಯ ಕೊರಳ ಗಂಟೆಯನ್ನು ಸಂಕೇತವೆಂದು ಪರಿಗಣಿಸಬಹುದೇ? ಹಾಲಿನ ಜಿಡ್ಡಿನಂಶ ಅಳೆಯುವ ಯಂತ್ರದ ಮುಂದೆ ಕುಳಿತಾಗಲೂ ನಾನು ಇದನ್ನೇ ಯೋಚಿಸುತ್ತಿದ್ದೆ.

ನಿಯಮ ತಿಳಿಯಲು ಸಿದ್ದಾಪುರದಲ್ಲಿ ಡ್ರೈವಿಂಗ್ ಶಾಲೆ ನಡೆಸುವ ಪರಿಚಯಸ್ಥರೊಬ್ಬರನ್ನು ಕಂಡೆ.

"ಕಾರಿಗಾದ್ರೆ ಈಗ ಕಿವಿ ಕೇಳದವ್ರಿಗೂ ಕೊಡ್ತಾರೆ. ಲಾರಿ ವಿಷಯ ಬೇರೆ. ಅದೆಲ್ಲ ಡಾಕ್ಟ್ರ ಪೆನ್ನಲ್ಲಿ ಇರೂದು" ಅಂದರು ಅವರು.

"ವಿನಾಯಿತಿ ಕೋರಿ ಅರ್ಜಿ ಸಲ್ಲಿಸಬಹುದಾ?"

"ಯಾರಿಗೆ ಸಲ್ಲಿಸ್ತ್ರಿ? ನಿಮಗೆ ಅರ್ಜಿ ಬರ್ಯೂದೊಂದು ಚಟ ಆಗೋಯ್ತು ಮಾರಾಯ್ರೆ!"

ಅವರು ನಕ್ಕರೂ ವಿನಾಯಿತಿ ಎಂಬ ಶಬ್ದ ನನ್ನ ತಲೆಯಲ್ಲಿ ಉಳಿಯಿತು. ಆದರೆ ವಿನಾಯಿತಿ ಕೋರುವ ಮುನ್ನ ಭಾವನಿಗೆ ರಸ್ತೆಯ ಮೇಲೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲವೆಂಬುದನ್ನು ಖುದ್ದಾಗಿ ಪರಿಶೀಲಿಸುವುದು ಸೂಕ್ತವೆನಿಸಿತು. ಅದರಂತೆ ಫೆಬ್ರವರಿಯ ಒಂದು ಬೆಳಿಗ್ಗೆ, ವಜ್ರಳ್ಳಿಗೆ ಹೊರಟ ಹುಲ್ಲಿನ ಲೋಡಿನೊಂದಿಗೆ, ಒಂದು ನೋಟುಬುಕ್ ಹಿಡಿದು ಶಿರಸಿಯಲ್ಲಿ ಲಾರಿ ಹತ್ತಿದೆ.

ಲಾರಿಯಲ್ಲಿ ಭಾವನ ಹೊರತಾಗಿ ಕ್ಲೀನರ್ ಇದ್ದರು. ಅವರು ಹಾನಗಲ್ ಕಡೆಯವರು, ವಯಸ್ಸಿನಲ್ಲಿ ಭಾವನಿಗಿಂತ ಆರೇಳು ವರ್ಷ ದೊಡ್ಡವರು. ಹದಿನೈದು ವರ್ಷಗಳಿಂದ ಈ ಲಾರಿಯಲ್ಲೇ ಇದ್ದಾರೆ. ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಅವರು ಕೆಳಗಿಳಿದು ಅಂಗೈಯಿಂದ ಲಾರಿಯ ಮೈ ತಟ್ಟುತ್ತಾರೆ. ಎರಡು ಪೆಟ್ಟು ಎಂದರೆ ಬರಲಿ, ಒಂದೇ ಜೋರು ಪೆಟ್ಟು ಎಂದರೆ ನಿಲ್ಲಿಸು. ಇದು ಕಿವಿಯ ದೆಸೆಯಿಂದ ಮಾಡಿಕೊಂಡ ಏರ್ಪಾಡೆಂದು ನಾನು ಬರೆದುಕೊಳ್ಳತೊಡಗಿದಾಗ ಭಾವ ತಡೆದರು. "ನನಗೆ ಅಂತ ಮಾಡಿದ್ದಲ್ಲ ಅದು. ಎಲ್ಲ ಲಾರೀಲೂ ಹೀಗೇ. ಹಿಂದೆ ನಿಂತವನ ಕೂಗು ಯಾವ ಡ್ರೈವರಿಗೂ ಕೇಳೂದಿಲ್ಲ."

ಹುಲ್ಲಿನ ಲೋಡು ಲಾರಿಯ ಎರಡೂ ಬದಿಗೆ ಮೊಳದಷ್ಟು ಚಾಚಿಕೊಂಡಿರುತ್ತದೆ. ಇದು ನಿಯಮಕ್ಕೆ ಒಪ್ಪುವ ಸಂಗತಿಯಲ್ಲವೆಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಪರಿಣಾಮವಾಗಿ ಕನ್ನಡಿಯಲ್ಲಿ ಹುಲ್ಲಿನ ಹೊರತು ಏನೂ ಕಾಣುವುದಿಲ್ಲ. ಹಿಂಬದಿಯ ಹಲಗೆಯ ಮೇಲೆ ಹಾರ್ನ್ ಮಾಡಿ ಎಂದು ಬರೆಸಿದ್ದ ಬರಹವೂ ಹುಲ್ಲಿನಡಿ ಮುಚ್ಚಿಹೋಗಿತ್ತು. ಓಡುವ ಲಾರಿಯಲ್ಲಿ ಭಾವ ನನ್ನ ತುಟಿ ನೋಡಲಾಗದ್ದರಿಂದ, ತಮಗೆ ತಿಳಿದದ್ದನ್ನು ಅವರೇ ಹೇಳುತ್ತ ಹೋಗುವುದು, ನಾನು ಬರೆದುಕೊಳ್ಳುವುದು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆವು.

ಊರು ದಾಟಿ ಸ್ವಲ್ಪ ದೂರ ಹೋಗಿರಬಹುದು. ಹಿಂದಿನಿಂದ ಯಾರೋ ಹಾರ್ನ್ ಮಾಡಿದರು. ನಾನು ಗಮನಿಸದವನಂತೆ ಕುಳಿತೆ. ಭಾವ ಲಾರಿಯನ್ನು ಎಡಕ್ಕೆ ಎಳೆದು, "ಹಿಂದೊಬ್ಬ ಇದ್ದಾನೆ" ಅಂದರು. ಕಾರೊಂದು ನಮ್ಮನ್ನು ಹಿಂದಿಕ್ಕಿ ಹೋಯಿತು. ನನ್ನ ಆಶ್ಚರ್ಯ ಮುಖದಲ್ಲಿ ಕಂಡಿರಬೇಕು.

"ಎದುರಿಗೆ ಟಿಪ್ಪರ್ ಬಂತಲ್ಲ, ಅದರ ಡ್ರೈವರನ್ನ ನೋಡ್ದೆ. ಅವ ನನ್ನ ನೋಡ್ಲಿಲ್ಲ. ನನ್ನ ಹಿಂದೆ ಎಂತದನ್ನೋ ನೋಡ್ದ."

ಇದನ್ನು ನಾನು ಎರಡು ಸಲ ಅಡಿಗೆರೆ ಎಳೆದು ಬರೆದುಕೊಂಡೆ. ಇಂಜಿನ್ನಿನ ದನಿ ಕ್ಲಚ್ಚಿನ ಮೇಲಿಟ್ಟ ಅಂಗಾಲಿಗೆ ಬರುತ್ತದಂತೆ. ಟಯರಿನ ಸಂದಿಗೆ ಕಲ್ಲು ಸಿಕ್ಕಿದರೆ ಸೀಟಿಗೆ ಗೊತ್ತಾಗುತ್ತದಂತೆ. ಬೆಳಗಿನ ಎಳೆಬಿಸಿಲಿನಲ್ಲಿ ಪಕ್ಕದಿಂದ ಬರುವ ಬೈಕಿಗಿಂತ ಅದರ ನೆರಳು ಮೊದಲು ಮುಟ್ಟುತ್ತದಂತೆ. ಮಂಚಿಕೇರಿ ಬರುವಷ್ಟರಲ್ಲಿ ಎರಡು ಪುಟ ತುಂಬಿತ್ತು. ಭಾವನ ಕಿವಿಗಳು ಲಾರಿಯ ತುಂಬ ಹಂಚಿಹೋಗಿವೆ ಎಂದು ನನಗೆ ತೋರಿತು. ವೈದ್ಯರು ತಲೆಯ ಎರಡು ಬದಿಯನ್ನಷ್ಟೇ ಪರೀಕ್ಷಿಸುವುದು ಅನ್ಯಾಯವಲ್ಲವೇ ಎಂದು ಮನವಿಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ರಚಿಸತೊಡಗಿದೆ.

ಮಂಚಿಕೇರಿ ದಾಟಿದ ಬಳಿಕ ಸೈರನ್ ಕೇಳಿಸಿತು. ಮೊದಲು ದೂರದಲ್ಲಿ, ಆಮೇಲೆ ನೇರ ಬೆನ್ನ ಹಿಂದೆ. ಅಂಬುಲೆನ್ಸ್ ಯಲ್ಲಾಪುರದ ಕಡೆಗೆ ಧಾವಿಸುತ್ತಿತ್ತು. ಕ್ಲೀನರ್ ಬಾಗಿಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಎದುರಿನಿಂದ ಒಂದೂ ವಾಹನ ಬರಲಿಲ್ಲ. ರಸ್ತೆ ತಿರುವು ತಿರುವಾಗಿದ್ದು, ನಮ್ಮ ಲೋಡು ಅದನ್ನು ಪೂರ್ತಿ ತುಂಬಿಕೊಂಡಿತ್ತು. ಭಾವ ಅಡಿಕೆ ಚೂರು ಅಗಿಯುತ್ತ ನಿಶ್ಚಿಂತೆಯಿಂದ ಹೋಗುತ್ತಿದ್ದರು. ನಾನು ಅವರ ಭುಜ ಮುಟ್ಟಬಹುದಿತ್ತು. ಮುಟ್ಟಲಿಲ್ಲ. ಈಗ ತಿಳಿದೀತು, ಈಗ ತಿಳಿದೀತು ಎಂದು ಪೆನ್ನು ಹಿಡಿದು ಕಾದೆ. ಯಾವ ಉಪಾಯದಿಂದ ಇದನ್ನು ಕಂಡುಹಿಡಿಯುತ್ತಾರೆಂಬ ಕುತೂಹಲ ನನಗೆ. ಅವರಿಗೆ ತಿಳಿಯಲಿಲ್ಲ. ಕೊನೆಗೆ ಭುಜ ತಟ್ಟಿ ಹಿಂದಕ್ಕೆ ಕೈ ತೋರಿಸಿದೆ. ಭಾವ ಗಾಬರಿಯಿಂದ ಲಾರಿಯನ್ನು ಚರಂಡಿಯ ಅಂಚಿಗೆ ಇಳಿಸಿ ನಿಲ್ಲಿಸಿದರು. ಅಂಬುಲೆನ್ಸ್ ಹೋಯಿತು. ಅದರ ಹಿಂಗಾಜಿನಲ್ಲಿ ಯಾರೋ ಹೆಂಗಸು ಬಾಗಿ ಕುಳಿತದ್ದು ಕಂಡಿತು.

"ಎಷ್ಟು ಹೊತ್ತಾಗಿತ್ತು?" ಎಂದು ಭಾವ ಕೇಳಿದರು.

"ಈಗಷ್ಟೇ ಬಂತು" ಅಂದೆ.

ಗಡಿಯಾರದ ಪ್ರಕಾರ ಎರಡು ನಿಮಿಷಕ್ಕೆ ಕಡಿಮೆಯಿರಲಿಲ್ಲ. ಆ ಪುಟದಲ್ಲಿ ನಾನು ಏನನ್ನೂ ಬರೆಯಲಿಲ್ಲ. ವಜ್ರಳ್ಳಿಯಲ್ಲಿ ಹುಲ್ಲು ಇಳಿಸಿಕೊಂಡ ಮನೆಯ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿನ್ನ ಭಾವಂಗೆ ಹಿಂದಿಂದ ಎಷ್ಟು ಕೂಗಿದ್ರೂ ಕೇಳ್ತಿಲ್ಲೆ. ಎದುರಿಗೆ ನಿಂತು ಪಿಸುಗುಟ್ಟಿದ್ರೆ ಗೊತ್ತಾಗ್ತು. ಎಂತ ವಿದ್ಯೆನೋ ಅದು!" ಅಂದರು. ಬೇರೆ ದಿನವಾಗಿದ್ದರೆ ಅದನ್ನೂ ಸಂತೋಷದಿಂದ ಬರೆದುಕೊಳ್ಳುತ್ತಿದ್ದೆ.

ಭಾವನ ಬಳಿ ಶ್ರವಣ ಸಾಧನ ಇಲ್ಲವೇ ಎಂದು ತಾವು ಕೇಳಬಹುದು. ಇದೆ. ಊರಿನಲ್ಲಿ ಅದಕ್ಕೆ ಕಿವಿ ಮಿಷನ್ ಎನ್ನುತ್ತಾರೆ. ಮದುವೆಗೆ, ಬ್ಯಾಂಕಿಗೆ ಹೋಗುವಾಗ ಹಾಕುತ್ತಿದ್ದರು. ಲಾರಿ ಹತ್ತಿದೊಡನೆ ತೆಗೆದು ಅಂಗಿಯ ಕಿಸೆಗೆ ಹಾಕುತ್ತಿದ್ದರು. ಹುಲ್ಲಿನ ಧೂಳಿಗೆ ಕಿವಿ ತುರಿಸುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಅಪರೂಪಕ್ಕೆ ಹೇಳುತ್ತಿದ್ದರು. "ಮಿಷನ್ ಕಂಡ್ರೆ ಜನ ಲೋಡ್ ಕೊಡೂಕೆ ಹೆದರ್ತಾರೆ. ಕಾಣದಿದ್ರೆ ಹೆದ್ರೂದಿಲ್ಲ."

ಈಗ ನನ್ನ ಪ್ರಮಾದಕ್ಕೆ ಬರುತ್ತೇನೆ. ನಮ್ಮ ಕಡೆ ಸರಕಾರಕ್ಕೆ ಅರ್ಜಿ ಬರೆಯುವಾಗ ಎರಡು ಪದ್ಧತಿಗಳಿವೆ. ಕಷ್ಟವನ್ನು ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚಿಸಿ ಬರೆಯುವುದು ಮೊದಲನೆಯದು. ಮನೆಯಲ್ಲಿರುವ ಎಲ್ಲ ದಾಖಲೆಗಳ ಝೆರಾಕ್ಸನ್ನೂ, ಕೇಳಲಿ ಬಿಡಲಿ, ಇರಲಿ ಎಂದು ಲಗತ್ತಿಸುವುದು ಎರಡನೆಯದು. ಮೂರು ವರ್ಷದ ಹಿಂದೆ ಭಾವನ ಅಂಗವಿಕಲರ ಗುರುತಿನ ಚೀಟಿಗಾಗಿ ಅರ್ಜಿ ಬರೆದವನು ನಾನೇ. ಪರವಾನಗಿಯ ಕಾಗದಗಳಿಗೆ ಇರಲಿ ಎಂದು ಆ ಅರ್ಜಿಯ ಪ್ರತಿಯನ್ನೂ ಸೇರಿಸಿ ದಾರ ಕಟ್ಟಿದವನು ನಾನೇ. ಅದರ ಮೇಲೆ ವಿನಾಯಿತಿ ಕೋರುವ ಹೊಸ ಮನವಿಯನ್ನೂ ಇಟ್ಟಿದ್ದೆ.

ಆಸ್ಪತ್ರೆಯಲ್ಲಿದ್ದ ವೈದ್ಯರು ಬೇರೆ ಜಿಲ್ಲೆಯ ಮಹಿಳೆ. ತಾಳ್ಮೆಯಿಂದ ಒಂದೊಂದೇ ಹಾಳೆ ತಿರುವಿದರು. ಒಂದು ಹಾಳೆಯಲ್ಲಿ ನಿಂತು ಗಟ್ಟಿಯಾಗಿ ಓದಿದರು.

"ಸದರಿಯವರಿಗೆ ಎರಡೂ ಕಿವಿಗಳು ಸಂಪೂರ್ಣ ಕೇಳಿಸದೇ ಇದ್ದು, ಪಕ್ಕದಲ್ಲಿ ಸಿಡಿಲು ಬಡಿದರೂ ತಿಳಿಯದ ದಾರುಣ ಸ್ಥಿತಿಯಲ್ಲಿ ಜೀವನ ಸಾಗಿಸುತ್ತಿದ್ದು..." ಇಷ್ಟು ಓದಿ ಮೇಲಿನ ಮನವಿಯನ್ನು ಕೈಗೆತ್ತಿಕೊಂಡರು. "ಇಲ್ಲಿ, ಸದರಿಯವರಿಗೆ ಯಾವುದೇ ತೊಂದರೆ ಇರುವುದಿಲ್ಲ, ಕಾರಣ ವಿನಾಯಿತಿ ನೀಡಬೇಕು ಅಂತಿದೆ. ತೊಂದರೆನೇ ಇಲ್ಲ ಅಂದ್ಮೇಲೆ ವಿನಾಯಿತಿ ಯಾಕೆ? ಎರಡೂ ಒಂದೇ ಕೈಬರಹ. ಯಾರು ಬರೆದಿದ್ದು ಇದನ್ನ?"

ಭಾವ ಅವರ ತುಟಿಯನ್ನೇ ನೋಡುತ್ತಿದ್ದವರು ನನ್ನತ್ತ ಬೆರಳು ಮಾಡಿ, "ಇವ" ಅಂದರು.

ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಹಾಲಿನ ಸಂಘದ ಲೆಕ್ಕ ತಪಾಸಣೆಯಲ್ಲಿಯೂ ನಾನು ಹಾಗೆ ಬೆವರಿದವನಲ್ಲ.

"ವಿನಾಯಿತಿ ಕೊಡೋಕೆ ನನಗೆ ಅಧಿಕಾರ ಇಲ್ಲ. ಇವರಿಗೆ ಎಷ್ಟು ಕೇಳುತ್ತೆ ಅಂತ ಬರೀಬೇಕು, ಅಷ್ಟೇ" ಅಂದರು ವೈದ್ಯರು. ಬಿಳಿ ಹಾಳೆಯೊಂದನ್ನು ನನ್ನತ್ತ ಸರಿಸಿ, "ನೀವು ಅವರ ಜೊತೆ ಗಾಡೀಲಿ ಹೋಗಿದ್ದೀರಾ? ಹಾಗಾದ್ರೆ ನೋಡಿದ್ದನ್ನ ಬರ್ಕೊಂಡು ಬನ್ನಿ. ಸಿಡಿಲು ಬೇಡ" ಅಂದರು.

ಹೊರಗಿನ ಬೆಂಚಿನ ಮೇಲೆ ಕುಳಿತು ಬರೆದೆ. ಟಿಪ್ಪರಿನ ಚಾಲಕನ ಕಣ್ಣು, ಕ್ಲಚ್ಚಿನ ಮೇಲಿನ ಅಂಗಾಲು, ಬೈಕಿನ ನೆರಳು, ಎಲ್ಲವನ್ನೂ ಬರೆದೆ. ಆಮೇಲೆ ಪೆನ್ನು ನಿಂತಿತು. ಅಲ್ಲಿಯವರೆಗೆ ಬರೆದದ್ದೆಲ್ಲ ನಿಜವೇ. ಆದರೆ ಅಂಬುಲೆನ್ಸಿನ ಸಂಗತಿಯನ್ನು ಬರೆಯದೆ ಬಿಟ್ಟರೆ ಇದು ನನ್ನ ಮೂರನೆಯ ಸುಳ್ಳು ಅರ್ಜಿಯಾಗುತ್ತಿತ್ತು. ಬರೆದರೆ ಭಾವನ ಲಾರಿ ಅಂಗಳದಲ್ಲೇ ನಿಲ್ಲಬಹುದಿತ್ತು. ಕಡೆಗೆ ಬರೆದೆ. ಸೈರನ್ ಸುಮಾರು ಎರಡು ನಿಮಿಷ ಹಿಂದಿನಿಂದ ಕೇಳಿಬರುತ್ತಿದ್ದರೂ ಚಾಲಕರಿಗೆ ತಿಳಿಯಲಿಲ್ಲವೆಂದೂ, ಸಾಧನ ಅವರ ಕಿಸೆಯಲ್ಲಿತ್ತೆಂದೂ ನಮೂದಿಸಿದೆ.

ಭಾವ ಹಾಳೆಯನ್ನು ತೆಗೆದುಕೊಂಡು ಓದಿದರು. ಆ ಸಾಲಿಗೆ ಬಂದಾಗ ಬೆರಳು ನಿಂತಿತು.

"ಈಗಷ್ಟೇ ಅಂದಿದ್ಯಲ್ಲ ನೀನು?"

"ಹೌದು ಭಾವ."

"ಎರಡು ನಿಮಿಷ ಎಂತಕ್ಕೆ ಸುಮ್ನೆ ಕೂತಿದ್ಯೋ?"

"ನಿಮಗೆ ಗೊತ್ತಾಗ್ತದೋ ಇಲ್ವೋ ನೋಡೂಕೆ."

ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ನನಗೆ ಕೇಳ್ಲಿಲ್ಲ. ನಿನಗೆ ಕೇಳಿತ್ತು" ಅಂದರು. ಹಾಳೆಯನ್ನು ಮಡಚದೆ, ಹಾಗೇ ಹಿಡಿದುಕೊಂಡು ಒಳಗೆ ಹೋದರು.

ವೈದ್ಯರು ಪೂರ್ತಿ ಓದಿದರು. "ಗಾಡೀಲಿ ಮಿಷನ್ ಯಾವತ್ತೂ ಹಾಕಲ್ವಾ?"

"ಇಲ್ಲ ಮೇಡಂ."

ಹಾಕುತ್ತೇನೆ ಎನ್ನಬಹುದಿತ್ತು. ಅದನ್ನು ಪರಿಶೀಲಿಸಲು ಅಲ್ಲಿ ಯಾರೂ ಇರಲಿಲ್ಲ. ವೈದ್ಯರು ಪೆನ್ನಿನ ಮುಚ್ಚಳ ಹಾಕಿದರು. ಎಲ್ಲ ಮುಗಿಯಿತೆಂದು ನಾನು ಕಾಗದಗಳನ್ನು ಒಟ್ಟು ಮಾಡತೊಡಗಿದೆ. ಆದರೆ ಅವರು ಭಾವನ ಎದುರಿಗೆ ಸರಿಯಾಗಿ ತಿರುಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು. "ಕಿವಿ ಪರೀಕ್ಷೆ ಮಾಡಿಸ್ಕೊಂಡು ಬನ್ನಿ, ಮಿಷನ್ ಹಾಕಿ ಒಂದು, ಹಾಕದೆ ಒಂದು. ಹದಿನೈದು ದಿನ ಗಾಡೀಲಿ ಮಿಷನ್ ಹಾಕ್ಕೊಂಡೇ ಓಡಿಸಿ. ಆಮೇಲೆ ಬನ್ನಿ. ಇವತ್ತು ಸಹಿ ಮಾಡಲ್ಲ."

ಆ ಹದಿನೈದು ದಿನಗಳ ವರದಿ ನನಗೆ ಪ್ರತಿದಿನ ಸಂಜೆ ಡೇರಿಯಲ್ಲಿ ಸಲ್ಲಿಕೆಯಾಗುತ್ತಿತ್ತು. ಹಾಲು ಹಾಕುವವರ ಸಾಲಿನ ಪಕ್ಕದಲ್ಲಿ ನಿಂತು ಭಾವ ಹೇಳುತ್ತಿದ್ದರು. ಧೂಳಿಗೆಂದು ಮಿಷನ್ ಮುಚ್ಚುವಂತೆ ತಲೆಗೆ ಟವೆಲ್ ಸುತ್ತಿಕೊಳ್ಳತೊಡಗಿದ್ದರು.

"ತಲೆ ಒಡೆದು ಹೋಗ್ತದೆ ಮಾರಾಯಾ. ಗಾಡಿ ಅಂದ್ರೆ ಇಷ್ಟು ಗಲಾಟೆ ಅಂತ ಗೊತ್ತೇ ಇರ್ಲಿಲ್ಲ" ಎಂದರು ಮೊದಲ ದಿನ. ಮರುದಿನ ಮಿಷನ್ ಕಿತ್ತೆಸೆಯಬೇಕು ಅನ್ನಿಸಿತಂತೆ. ಮೂರನೆಯ ದಿನ ಬಾಗಿಲ ಹಿಡಿ ಗಡಗಡ ಎನ್ನುವುದನ್ನು ಪತ್ತೆ ಹಚ್ಚಿ ಬಿಗಿ ಮಾಡಿದರು. ಆರನೆಯ ದಿನ ಬಂದವರ ಮುಖ ಬೇರೆಯೇ ಆಗಿತ್ತು. ನನ್ನನ್ನು ಹಾಲಿನ ಕ್ಯಾನುಗಳ ಹಿಂದೆ ಎಳೆದುಕೊಂಡು ಹೋದರು.

"ಸೆಕ್ರೆಟ್ರಿ, ಆ ಕ್ಲೀನರ್ ಇದ್ದಾನಲ್ಲ, ಇಡೀ ದಾರಿ ನನ್ನ ಬೈತಾನೆ!"

"ಏನಂತ?"

"ತಿರುವಲ್ಲಿ ಸ್ವಲ್ಪ ನಿಧಾನ ಮಾಡ್ದೆ. ಗೇರ್ ಬದಲ್ಸಾಕ ಮುಹೂರ್ತ ನೋಡಾಕತ್ತಾನ ಅಂದ. ಎಮ್ಮೆ ಅಡ್ಡ ಬಂತು. ಎಮ್ಮಿಗೂ ಲೈಸನ್ಸ್ ಕೇಳ್ತಾನೇನೋ ಇಂವ ಅಂದ. ಮುಖ ಮಾತ್ರ ಹೊರಗೆ, ಪಾಪದವನ ಹಾಗೆ! ನನ್ನ ಕಿವಿ ಮಂದ ಆದಾಗಿಂದ ಇದೇ ನಡೆದದೆ ಅಂತಾಯ್ತಲ್ಲ."

"ನೀವೆಂತ ಅಂದ್ರಿ?"

"ಎಂತದೂ ಇಲ್ಲ. ಇನ್ನೂ ಸ್ವಲ್ಪ ದಿನ ಕೇಳ್ತೇನೆ" ಎಂದು ಭಾವ ಬಾಯಿ ಮುಚ್ಚಿಕೊಂಡು ನಕ್ಕರು. ಟವೆಲ್ ಇದ್ದುದರಿಂದ ಕ್ಲೀನರಿಗೆ ಮಿಷನ್ ಕಂಡಿರಲಿಲ್ಲ. ಹದಿನಾಲ್ಕನೆಯ ದಿನದವರೆಗೆ ಕೇಳಿ, ಆ ದಿನ ಅರಬೈಲ್ ಘಟ್ಟ ಹತ್ತುವಾಗ ಒಂದೊಂದಕ್ಕೂ ಉತ್ತರ ಕೊಟ್ಟರಂತೆ.

ಹದಿನಾರನೆಯ ದಿನ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಕಿವಿ ಪರೀಕ್ಷೆಯ ವರದಿ ಇತ್ತು. ವೈದ್ಯರು ಅದನ್ನು ನೋಡಿ, ಭಾವನ ಬೆನ್ನ ಹಿಂದೆ ನಿಂತು ಮಾತಾಡಿ, ಒಮ್ಮೆ ಮೆಲ್ಲಗೆ, ಒಮ್ಮೆ ದೂರದಿಂದ, ಭಾವ ಹೇಳಿದ ಉತ್ತರಗಳನ್ನು ಬರೆದುಕೊಂಡರು. ಒಂದು ಉತ್ತರ ತಪ್ಪಿತು. ಉಳಿದವು ಸರಿಯಿದ್ದವು. ಆಮೇಲೆ ಕೇಳಿದರು. "ಇದು ಮುಚ್ಚಿದ ಕೋಣೆ. ಇಂಜಿನ್ ಓಡ್ತಿರೋವಾಗ ಕೇಳುತ್ತಾ? ಗಾಡೀಲಿ ಜೊತೆಗಿರೋರು ಯಾರು?"

ಕ್ಲೀನರನ್ನು ಒಳಗೆ ಕರೆದೆವು. ಅವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಕಟ್ಟಿ ನಿಂತರು.

"ಕೇಳ್ತೈತ್ರಿ ಮೇಡಮ್ಮಾರ. ಚಲೋ ಕೇಳ್ತೈತಿ."

"ನಿಮಗೆ ಹೆಂಗೆ ಗೊತ್ತು?"

ಕ್ಲೀನರ್ ನೆಲ ನೋಡಿದರು. ಭಾವ ಕಿಟಕಿ ನೋಡಿದರು.

"ಏನಿಲ್ರಿ, ನಾ ಒಂದಿಷ್ಟು... ಸಣ್ಣ ದನೀಲೆ ಬೈತಿದ್ನಿರಿ. ಕೆಟ್ಟ ಮನಸಿನ್ಲೆ ಅಲ್ರಿ, ಹೊತ್ತು ಹೋಗಬೇಕಲ್ರಿ. ಇಷ್ಟು ವರ್ಷ ಮಾಲಕ್ರು ಏನೂ ಅಂದಿಲ್ಲ. ಮೊನ್ನಿ ಘಟ್ಟ ಏರೂ ಮುಂದ ಎರಡನೇ ಗೇರಿನ್ಯಾಗ ಗಾಡಿ ಒದರಾಕತ್ತಿತ್ತು. ಆವಾಗೂ ಒಂದೂ ಬಿಡದಂಗ ಜವಾಬು ಕೊಟ್ರು ನೋಡ್ರಿ. ಹದಿನಾಲ್ಕು ದಿನದ್ದು ಎಲ್ಲಾ ಸೇರ್ಸಿ ಕೊಟ್ರು."

ವೈದ್ಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಗಂಭೀರರಾಗಿ ಪುನಃ ಕೆಲವು ಪ್ರಶ್ನೆ ಕೇಳಿದರು. ಬ್ಯಾಟರಿ ಮುಗಿದರೆ ಏನು ಮಾಡುತ್ತೀರಿ ಎಂದರು. ಬದಲಿ ಕಿಸೆಯಲ್ಲಿದೆ, ಅದೂ ಮುಗಿದರೆ ಗಾಡಿ ನಿಲ್ಲಿಸುತ್ತೇನೆ ಎಂದರು ಭಾವ. ಕಡೆಗೆ ವೈದ್ಯರು ಪೆನ್ನಿನ ಮುಚ್ಚಳ ತೆಗೆ‌ದು, ಶ್ರವಣ ಸಾಧನ ಧರಿಸಿದಾಗ ಸಾಮಾನ್ಯ ಶಬ್ದ ಸಂಕೇತಗಳು ಕೇಳಿಸುತ್ತವೆ, ಚಾಲನೆಯ ವೇಳೆ ಸಾಧನ ಧರಿಸಿರುವುದು ಕಡ್ಡಾಯ ಎಂದು ಬರೆದು ಸಹಿ ಮಾಡಿದರು. ವಿನಾಯಿತಿ ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸಾರಿಗೆ ಕಚೇರಿಯವರು ಅದನ್ನು ಸ್ವೀಕರಿಸಿ, ಮುಂದೆ ಪರವಾನಗಿಯನ್ನು ನವೀಕರಿಸಿದರು.

ಅಂದು ಆಸ್ಪತ್ರೆಯಿಂದ ನೇರವಾಗಿ ಹೆಗ್ಗರಣೆಗೆ ಒಂದು ಲೋಡು ಮುಟ್ಟಿಸಬೇಕಿತ್ತು. ನಾನೂ ಹತ್ತಿದೆ. ನೋಟುಬುಕ್ ತಂದಿರಲಿಲ್ಲ. ಕ್ಲೀನರ್ ಬಾಗಿಲಿಗೆ ಒತ್ತಿಕೊಂಡು ತುಟಿ ಬಿಗಿದು ಕುಳಿತಿದ್ದರು. ಊರು ಹಿಂದಾಯಿತು, ಎರಡು ಏರು ಕಳೆದವು. ಭಾವ ಬೇಕೆಂದೇ ಒಂದು ಗೇರನ್ನು ತಡವಾಗಿ ಬದಲಿಸಿದರು. ಲಾರಿ ಮುಗ್ಗರಿಸಿತು. ಕ್ಲೀನರ್ ಕೆಮ್ಮಿದರೇ ಹೊರತು ಮಾತಾಡಲಿಲ್ಲ.

"ಎಂತದೋ, ಇವತ್ತು ಒಂದೂ ಇಲ್ಲ?" ಎಂದರು ಭಾವ, ಕಣ್ಣು ರಸ್ತೆಯ ಮೇಲಿಟ್ಟು. "ಬೈಯೋ ಮಾರಾಯಾ, ನಿದ್ದೆ ಬರ್ತದೆ ನನಗೆ."